ಕಾರಿಗೆ 126, ಒಲೆಗೆ 80

ನಮ್ಮ ಊರುಗಳಲ್ಲಿ ಜನ ಅತ್ಯಂತ ಆಸೆಯಿಂದ ನೋಡುವ, ಜೀವಮಾನದ ಗಳಿಕೆಯನ್ನೆಲ್ಲ ಸುರಿಯುವ, ಆದರೆ ಯಾರೂ ವಿಮರ್ಶೆ ಬರೆಯದ ಕೃತಿಯೊಂದಿದೆ. ಅದು ಮನೆಯ ಪ್ಲಾನು. ಕಾದಂಬರಿ ಹಿಡಿಸದಿದ್ದರೆ ಐವತ್ತನೆಯ ಪುಟದಲ್ಲಿ ಮಡಚಿಟ್ಟು ಮಲಗಬಹುದು. ಪ್ಲಾನು ಹಿಡಿಸದಿದ್ದರೆ ಮೂವತ್ತು ವರ್ಷ ಅದರೊಳಗೇ ಪಾತ್ರೆ ತೊಳೆಯುತ್ತ ಇರಬೇಕು. ಇಷ್ಟಾದರೂ ಅದನ್ನು ಓದುವ ಅಭ್ಯಾಸ ನಮಗಿಲ್ಲ. ಗಂಡಸರು ಮೇಜಿನ ಮೇಲೆ ಹರಡಿಕೊಂಡು ನೋಡುತ್ತಾರೆ, ನಾವು ಕಾಫಿ ತಂದಿಟ್ಟು ಅವರ ಭುಜದ ಮೇಲಿಂದ ಒಮ್ಮೆ ಇಣುಕಿ, "ದೇವರ ಮನೆ ಎಲ್ಲಿ ಬಂತು?" ಎಂದು ಕೇಳಿ ಒಳಗೆ ಹೋಗುತ್ತೇವೆ.

ನಾನು ಇಲ್ಲಿ ಓದಲು ಹೊರಟಿರುವುದು ದೊಡ್ಡ ಬಂಗಲೆಯ ಪ್ಲಾನನ್ನಲ್ಲ. ಮೂವತ್ತು ನಲವತ್ತರ ಸೈಟಿನದು, ನಮ್ಮ ಕಡೆ ಅರ್ಧ ಸೈಟು ಅನ್ನುತ್ತೇವಲ್ಲ, ಅದು. ಪೂರ್ವಕ್ಕೆ ರಸ್ತೆ. ಈ ಬಗೆಯ ನಕ್ಷೆಗಳು ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಪಂಚಾಂಗದ ಪಕ್ಕ, ರಂಗೋಲಿ ಪುಸ್ತಕದ ಪಕ್ಕ ಸಿಗುತ್ತವೆ. ಇಂಜಿನಿಯರ ಆಫೀಸಿನಲ್ಲಾದರೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿ, ಎದುರಿಗೆ ಎರಡು ತೆಂಗಿನ ಮರ ನಿಲ್ಲಿಸಿ ಕೊಡುತ್ತಾರೆ. ಊರು ಬೇರೆಯಾದರೂ ಒಳಗಿನ ಕಥೆ ಹೆಚ್ಚು ಕಡಿಮೆ ಒಂದೇ.

1200 ಚದರಡಿಯ ಸೈಟು. ಸುತ್ತ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು 24 ಅಡಿ ಅಗಲ, 34 ಅಡಿ ಉದ್ದ. ಅಂದರೆ 816 ಚದರಡಿ. ಇಷ್ಟರಲ್ಲಿ ಇಡೀ ಸಂಸಾರ ಕೂಡಬೇಕು. ನನ್ನ ಮುಂದಿರುವ ಹಾಳೆಯಲ್ಲಿ ಹಾಲ್ 12ಕ್ಕೆ 15, ಅಂದರೆ 180 ಚದರಡಿ. ದೊಡ್ಡ ಬೆಡ್‌ರೂಮು 120, ಚಿಕ್ಕದು 100. ಕಾರು ನಿಲ್ಲಲು 9ಕ್ಕೆ 14, ಅದು 126. ಅಡಿಗೆಮನೆ 8ಕ್ಕೆ 10, ಅಂದರೆ 80. ಕಾರು ಮಲಗುವ ಜಾಗ ಮನೆಯವರಿಗೆಲ್ಲ ಮೂರು ಹೊತ್ತು ಅನ್ನ ಬೇಯುವ ಜಾಗದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಆಯಿತು. ಕಾರು ಇನ್ನೂ ಬಂದಿಲ್ಲ ಎನ್ನುವುದು ಬೇರೆ ಮಾತು. ಮಗನಿಗೆ ಕೆಲಸ ಸಿಕ್ಕ ಮೇಲೆ ಬರುತ್ತದಂತೆ.

ಆದರೆ ಅಡಿಗಳ ಲೆಕ್ಕಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರಗಳು. ಬರೆದವರು ಕಾರನ್ನು ಎಷ್ಟು ಚಂದ ಬರೆದಿದ್ದಾರೆ ನೋಡಿ: ನಾಲ್ಕು ಚಕ್ರ, ಮುಂದಿನ ಗಾಜು, ಪಕ್ಕದ ಕನ್ನಡಿ ಕೂಡ. ಹಾಲಿನಲ್ಲಿ ಸೋಫಾ, ಅದರ ನಡುವೆ ಟೀಪಾಯಿ. ಬೆಡ್‌ರೂಮಿನಲ್ಲಿ ಮಂಚ, ಮಂಚದ ಮೇಲೆ ಎರಡು ದಿಂಬು. ಅಡಿಗೆಮನೆಗೆ ಬಂದರೆ ಗೋಡೆಗುಂಟ ಎರಡು ಗೆರೆ, ಒಂದು ಚೌಕ, ನಾಲ್ಕು ಚುಕ್ಕೆ. ಮುಗಿಯಿತು. ಸಿಲಿಂಡರ್ ಇಲ್ಲ. ಗ್ರೈಂಡರ್ ಇಲ್ಲ. ಅಕ್ಕಿ ಡಬ್ಬ, ಕುಡಿಯುವ ನೀರಿನ ಡ್ರಮ್ಮು, ಕಸದ ಬುಟ್ಟಿ, ಈರುಳ್ಳಿ ಹರಡುವ ಮೂಲೆ, ಯುಗಾದಿಗೆ ಮಾತ್ರ ಕೆಳಗಿಳಿಯುವ ದೊಡ್ಡ ಪಾತ್ರೆಗಳು, ಯಾವುದೂ ಇಲ್ಲ. ಬರೆಯುವಾತ ಅಲ್ಲಿ ಯಾರಾದರೂ ನಿಂತಿರುತ್ತಾರೆ ಎಂದು ಕಲ್ಪಿಸಿಕೊಂಡಿಲ್ಲ. ದಿಂಬನ್ನು ನೆನಪಿಟ್ಟುಕೊಂಡವನಿಗೆ ಸಿಲಿಂಡರ್ ಮರೆತು ಹೋಯಿತು. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕಿಲೊ, ಕಬ್ಬಿಣವೂ ಸೇರಿದರೆ ಹತ್ತಿರ ಹತ್ತಿರ ಮೂವತ್ತು ಕಿಲೊ. ಅದು ಎಲ್ಲಿಂದ ಒಳಗೆ ಬರಬೇಕು, ಎಲ್ಲಿ ಕೂರಬೇಕು ಎಂದು ಯೋಚಿಸದ ಮನೆಗಳಲ್ಲಿ ಅದು ಸೋಫಾದ ಪಕ್ಕದಿಂದ ಹೊಸ ಟೈಲ್ಸಿನ ಮೇಲೆ ಉರುಳುತ್ತ ಹೋಗಿ ಕಟ್ಟೆಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಅಡಗುತ್ತದೆ. ಅಡಿಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲಿನ ಕಿಟಕಿಗೆ ಹೋಗದೆ ನೆಲದಲ್ಲೇ ತುಂಬಿಕೊಳ್ಳುತ್ತದೆ. ಗೋಡೆಯ ಬುಡದಲ್ಲಿ ಒಂದು ಜಾಲರಿ ಕಿಂಡಿ ಇರಬೇಕು. ಅಂಥ ಕಿಂಡಿ ಬರೆದ ಒಂದೇ ಒಂದು ನಕ್ಷೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಈ ಹಾಳೆಯ ಮೇಲೆ ಒಂದು ದಿನದ ಕೆಲಸವನ್ನು ನಡೆದು ನೋಡೋಣ. ಪೂರ್ವದ ಸೈಟು; ಅಡಿಗೆಮನೆ ಆಗ್ನೇಯಕ್ಕೇ ಬರಬೇಕೆಂದು ಹಠ. ಪೂರ್ವಕ್ಕೆ ರಸ್ತೆ ಇದ್ದರೆ ಆಗ್ನೇಯ ಮೂಲೆ ಮನೆಯ ಎದುರಿಗೇ ಬಂತು, ಗೇಟಿನ ಪಕ್ಕ. ರಸ್ತೆಯ ಕಡೆ ಪಾತ್ರೆ ತೊಳೆಯುವ ಜಾಗ ಕಾಣಬಾರದಲ್ಲ, ಆದ್ದರಿಂದ ಯುಟಿಲಿಟಿ ಎಂಬುದನ್ನು ಹಿಂದಕ್ಕೆ, ವಾಯವ್ಯದ ಮೂಲೆಗೆ ತಳ್ಳಿದ್ದಾರೆ. ನಡುವೆ ಹಾಲ್. ಇನ್ನು ಮೇಲೆ ಎಂಜಲು ಪಾತ್ರೆ, ಹಿಟ್ಟು ಹತ್ತಿದ ಗ್ರೈಂಡರಿನ ಕಲ್ಲು, ಒದ್ದೆ ಬಟ್ಟೆ ಎಲ್ಲವೂ ಹಾಲನ್ನು ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಒಂದು ಸಲಕ್ಕೆ ಇಪ್ಪತ್ತು ಅಡಿ, ದೊಡ್ಡದೇನಲ್ಲ. ಆದರೆ ಹಾಲಿನಲ್ಲಿ ಅಳಿಯನ ಕಡೆಯವರು ಕೂತಿದ್ದರೆ? ಪಾತ್ರೆಗಳು ಅಡಿಗೆಮನೆಯಲ್ಲೇ ಗುಡ್ಡೆಯಾಗುತ್ತವೆ, ಅವರು ಹೊರಟು ಹೋದ ಮೇಲೆ ರಾತ್ರಿ ಹತ್ತಕ್ಕೆ ಕೆಲಸ ಶುರುವಾಗುತ್ತದೆ. ಹೆಜ್ಜೆ ಎಣಿಸಿದರೆ ಈ ಕಷ್ಟ ಸಿಗುವುದಿಲ್ಲ, ದಾರಿಯಲ್ಲಿ ಯಾರು ಕೂತಿರುತ್ತಾರೆ ಎಂದು ನೋಡಿದರೆ ಸಿಗುತ್ತದೆ.

ವಾಸ್ತುವನ್ನು ಬೈದು ಕೈತೊಳೆದುಕೊಳ್ಳುವುದು ನನ್ನ ಉದ್ದೇಶವಲ್ಲ. ಆಗ್ನೇಯದ ಅಡಿಗೆಮನೆಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ಅದು ಒಳ್ಳೆಯದೇ. ಆದರೆ ಆಗ್ನೇಯಕ್ಕೆ ಆಗದಿದ್ದರೆ ವಾಯವ್ಯಕ್ಕೆ ಆಗಬಹುದು ಎಂದು ಅದೇ ಶಾಸ್ತ್ರದವರೇ ಹೇಳುತ್ತಾರೆ. ಪೂರ್ವದ ಸೈಟಿನಲ್ಲಿ ವಾಯವ್ಯ ಅಂದರೆ ಹಿಂದಿನ ಮೂಲೆ; ಅಡಿಗೆಮನೆ, ನೀರು, ಬಟ್ಟೆ ಎಲ್ಲ ಒಂದೇ ಕಡೆ ಕೂಡಿಕೊಳ್ಳುತ್ತವೆ. ಈ ಎರಡನೆಯ ಮಾತನ್ನು ಯಾರೂ ನಮ್ಮ ಕಿವಿಗೆ ಹಾಕುವುದಿಲ್ಲ. ಮನೆಯ ಯಜಮಾನನ ನೈರುತ್ಯದ ಮಲಗುವ ಕೋಣೆಗೆ ತೊಂದರೆಯಾದರೆ ಮಾತ್ರ ಶಾಸ್ತ್ರದಲ್ಲಿ ಎಷ್ಟು ಪರಿಹಾರಗಳಿವೆ ಎಂದು ತಿಳಿದು ಬರುತ್ತದೆ.

2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಮಾಡುವ ಗಂಡಸರದು 97 ನಿಮಿಷ. ಅದೂ ನೂರು ಗಂಡಸರಲ್ಲಿ ಮಾಡುವವರು ಸುಮಾರು 26 ಮಂದಿ. ಮನೆ ಎಂಬ ಕಟ್ಟಡವನ್ನು ಅತಿ ಹೆಚ್ಚು ಬಳಸುವವರು ಯಾರು ಎಂದು ಕೇಳಿದರೆ ಉತ್ತರ ಇಲ್ಲಿದೆ. ಕಾರ್ಖಾನೆ ಕಟ್ಟುವವರು ಯಂತ್ರದ ಮುಂದೆ ನಿಲ್ಲುವವನ ಅಳತೆ ತೆಗೆದುಕೊಳ್ಳುತ್ತಾರಂತೆ. ನಮ್ಮ ಅಡಿಗೆ ಕಟ್ಟೆಯ ಎತ್ತರವನ್ನು ಮೇಸ್ತ್ರಿ ತನ್ನ ಅಭ್ಯಾಸದಂತೆ ಹಾಕಿ ಹೋಗುತ್ತಾನೆ. ಐದಡಿಯ ಸೊಸೆಗೂ ಐದೂವರೆ ಅಡಿಯ ಅತ್ತೆಗೂ ಅದೇ ಕಟ್ಟೆ. ಚಪಾತಿ ಹಿಟ್ಟು ನಾದುವಾಗ ಭುಜ ಮೇಲಕ್ಕೆ ಏರುತ್ತದೆಯೋ, ಸೊಂಟ ಬಾಗುತ್ತದೆಯೋ ನೋಡಿಕೊಳ್ಳಿ; ಎರಡರಲ್ಲಿ ಒಂದಾದರೂ ಕಟ್ಟೆ ತಪ್ಪಿದೆ ಎಂದೇ ಅರ್ಥ.

ಅಡಿಗೆಮನೆಯ ಮುಂದೆ ನಿಂತು ನಿಜವಾಗಿ ಲೆಕ್ಕ ಹಾಕಿದ ಒಬ್ಬಾಕೆ ಇದ್ದರು. ಮಾರ್ಗರೆಟ್ ಶುಟ್ಟೆ-ಲಿಹೊಟ್ಸ್ಕಿ, ಆಸ್ಟ್ರಿಯಾದಲ್ಲಿ ವಾಸ್ತುಶಿಲ್ಪ ಕಲಿತ ಮೊದಲ ಹೆಂಗಸರಲ್ಲಿ ಒಬ್ಬರು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕೂಲಿಕಾರರಿಗೆ, ಸಣ್ಣ ಸಂಬಳದವರಿಗೆ ಸಾವಿರಾರು ಮನೆಗಳು ಏಳುತ್ತಿದ್ದವು. ಅವಕ್ಕೆ ಅಡಿಗೆಮನೆ ಯೋಜಿಸುವ ಕೆಲಸ 1926ರಲ್ಲಿ ಇವರ ಪಾಲಿಗೆ ಬಂತು. ರೈಲಿನ ಊಟದ ಡಬ್ಬಿಯ ಇಕ್ಕಟ್ಟಿನಲ್ಲಿ ಸುಮಾರು ನೂರು ಜನರಿಗೆ ಹೇಗೆ ಬೇಯಿಸುತ್ತಾರೆ ಎಂಬುದು ಅವರಿಗೆ ಮಾದರಿ. ಯಾವ ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಎಣಿಸಿ, ಕಿಟಕಿಯ ಕೆಳಗೆ ಹೆಚ್ಚುವ ಮೇಜು, ಕೂತು ಕೆಲಸ ಮಾಡಲು ತಿರುಗುವ ಸ್ಟೂಲು, ಕಸ ನೇರವಾಗಿ ಬೀಳಲು ಡ್ರಾಯರು, ಧಾನ್ಯಕ್ಕೆ ಹೆಸರು ಬರೆದ ಅಲ್ಯೂಮಿನಿಯಂ ಡಬ್ಬಿಗಳು ಎಲ್ಲವನ್ನೂ ಕೈಯಳತೆಗೆ ತಂದರು. ಅಂಥ ಅಡಿಗೆಮನೆಗಳು ಸುಮಾರು 10,000 ಆದವು. ಅಳತೆ ಎಷ್ಟು ಗೊತ್ತೇ? 1.9 ಮೀಟರಿಗೆ 3.4 ಮೀಟರ್. ನಮ್ಮ ಲೆಕ್ಕದಲ್ಲಿ 70 ಚದರಡಿ ಕೂಡ ತುಂಬುವುದಿಲ್ಲ. ಅಂದಮೇಲೆ ನಮ್ಮ 80 ಚದರಡಿಯನ್ನು ಸಣ್ಣದು ಎಂದು ದೂರುವ ಹಾಗಿಲ್ಲ; ಅದರ ಬಗ್ಗೆ ಯಾರೂ ಯೋಚಿಸಲಿಲ್ಲ ಎಂದು ದೂರಬೇಕು.

ಆದರೂ ಈ ಫ್ರಾಂಕ್‌ಫರ್ಟ್ ಅಡಿಗೆಮನೆಯನ್ನು ನಾನು ಪೂರ್ತಿ ಒಪ್ಪುವವಳಲ್ಲ. ಅದರಲ್ಲಿ ಒಬ್ಬರಿಗೆ ಮಾತ್ರ ಜಾಗ. ಇಬ್ಬರು ನಿಂತರೆ ಮೈಗೆ ಮೈ ತಾಗುತ್ತದೆ. ಗಂಡ ಬಂದು ತರಕಾರಿ ಹೆಚ್ಚುವ ಮನಸ್ಸು ಮಾಡಿದರೂ ಹೊರಗೆ ನಿಲ್ಲಬೇಕು, ಅತ್ತೆ ಸೊಸೆ ಮಾತಾಡುತ್ತ ಹಪ್ಪಳ ಲಟ್ಟಿಸುವಂತಿಲ್ಲ. ಅಲ್ಲಿಯ ಸ್ತ್ರೀವಾದಿಗಳೂ ಮುಂದೆ ಇದೇ ತಕರಾರು ಎತ್ತಿದರು: ಹೆಜ್ಜೆ ಉಳಿಸಿದಿರಿ, ಹೆಂಗಸನ್ನು ಒಂಟಿ ಮಾಡಿದಿರಿ. ತಾನು ಆಗ ಅಡಿಗೆ ಮಾಡಿ ಗೊತ್ತಿದ್ದವಳೇ ಅಲ್ಲ ಎಂದು ಆಕೆಯೇ ವಯಸ್ಸಾದ ಮೇಲೆ ಹೇಳಿಕೊಂಡರು. ಹಿಟ್ಲರನ ವಿರುದ್ಧ ಕೆಲಸ ಮಾಡಿ 1941ರಿಂದ 1945ರವರೆಗೆ ಜೈಲಿನಲ್ಲಿದ್ದು ಬಂದ ಈ ಗಟ್ಟಿಗಿತ್ತಿಯನ್ನು ಜನ ಕೊನೆಯವರೆಗೂ ಆ ಅಡಿಗೆಮನೆಯಿಂದಲೇ ಗುರುತಿಸಿದರು. ಅವರು ತೀರಿಕೊಂಡದ್ದು 2000ದಲ್ಲಿ, ನೂರ ಮೂರು ತುಂಬಲು ಇನ್ನು ಕೆಲವೇ ದಿನ ಇರುವಾಗ. ಅವರ ನಕ್ಷೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆ ಡಬ್ಬಿಗಳಲ್ಲ, ಅಡಿಗೆಮನೆಗೂ ಊಟದ ಕೋಣೆಗೂ ನಡುವಿನ ಜಾರುಬಾಗಿಲು. ತೆರೆದರೆ ಆಡುವ ಮಗು ಕಣ್ಣಿಗೆ ಕಾಣುತ್ತದೆ, ಮುಚ್ಚಿದರೆ ಹೊಗೆ ಆಚೆ ಹೋಗುವುದಿಲ್ಲ.

ಈ ಬಾಗಿಲನ್ನು ಮರೆತು ನಾವು ಈಗ ಓಪನ್ ಕಿಚನ್ನಿಗೆ ಹಾರಿದ್ದೇವೆ. ಗೋಡೆಯೇ ಬೇಡ, ಎಲ್ಲ ಒಂದೇ. ಆಶಯ ಒಳ್ಳೆಯದು: ಅಡಿಗೆ ಮಾಡುವವಳೂ ಟಿವಿ ನೋಡಲಿ, ಮಾತಿಗೆ ಸೇರಲಿ. ಆದರೆ ಇದನ್ನು ಮೊದಲು ಬರೆದವರ ಊರಿನಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಇರಲಿಲ್ಲ. ಬ್ಯಾಡಗಿ ಹುರಿದ ದಿನ ಸೋಫಾದ ಮೇಲೆ ಕೂತವರೆಲ್ಲ ಸೀನುತ್ತಾರೆ, ಪರದೆ ಹದಿನೈದು ದಿನಕ್ಕೆ ಜಿಡ್ಡು ಹಿಡಿಯುತ್ತದೆ. ಇನ್ನೊಂದು, ಓಪನ್ ಕಿಚನ್ ಅಂದರೆ ಯಾವಾಗಲೂ ಒಪ್ಪವಾಗಿರಬೇಕಾದ ಕಿಚನ್. ಮೊದಲು ಬಾಗಿಲು ಎಳೆದು ಉಸ್ಸೆಂದು ಕೂರಬಹುದಿತ್ತು. ಈಗ ಸಿಂಕಿನಲ್ಲಿ ಒಂದು ಲೋಟ ಬಿದ್ದಿದ್ದರೂ ಊರಿಗೆಲ್ಲ ಕಾಣುತ್ತದೆ.

ಹಾಗಾದರೆ ಹಳೆಯ ಮನೆಗಳೇ ಚೆನ್ನಾಗಿದ್ದವೇ? ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ ಹಸ್ತಶಿಲ್ಪ ಗ್ರಾಮವಿದೆ. ಅಲ್ಲಿಯ ಕಂಬ, ಅಂಗಳ, ಕೆತ್ತಿದ ಬಾಗಿಲು ನೋಡಿದರೆ ಯಾರಿಗಾದರೂ ಹೊಟ್ಟೆಯುರಿಯುತ್ತದೆ. ತೊಟ್ಟಿಯ ಬೆಳಕು, ಜಗಲಿಯ ತಂಪು ನಿಜ. ಆದರೆ ಆ ಬೆಳಕು ಅಡಿಗೆಮನೆಯವರೆಗೆ ಬರುತ್ತಿತ್ತೇ? ಸೌದೆ ಒಲೆಯ ಹೊಗೆಗೆ ಕಪ್ಪಾದ ಗೋಡೆ, ಬಾವಿಯಿಂದ ಹೊರುವ ನೀರು, ತಿಂಗಳಿಗೆ ಮೂರು ದಿನ ಹಿತ್ತಲ ಮೂಲೆ. ಗಂಡ ಹೆಂಡತಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕೆಂದು ಆಗ ಎಷ್ಟು ಸೊಸೆಯಂದಿರು ಬಾಯಿಬಿಟ್ಟು ಕೇಳಬಹುದಿತ್ತು? ಈ ಮೂವತ್ತು ನಲವತ್ತರ ಡಬ್ಬಿ ನಮಗೆ ಚಿಲಕವಿರುವ ಕೋಣೆ ಕೊಟ್ಟಿತು, ಒಳಗೇ ನಲ್ಲಿ ಕೊಟ್ಟಿತು, ಮಳೆಗಾಲದ ರಾತ್ರಿ ಛತ್ರಿ ಹಿಡಿಯದೆ ಹೋಗಬಲ್ಲ ಕಕ್ಕಸು ಕೊಟ್ಟಿತು. ಇದನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಹಳೆಯ ಮನೆಯನ್ನು ನೆನೆದು ಕಣ್ಣೀರು ಹಾಕುವವರಲ್ಲಿ ಗಂಡಸರೇ ಹೆಚ್ಚು ಎಂಬುದನ್ನೂ ಗಮನಿಸಿದ್ದೇನೆ.

ಹಿತ್ತಲು ಹೋಗಿ ಯುಟಿಲಿಟಿ ಬಂತು. ನನ್ನ ಪ್ರಕಾರ ನಮ್ಮ ಊರುಗಳ ಮನೆಯಲ್ಲಿ ಅತ್ಯಂತ ಉಪಯುಕ್ತವಾದ ಜಾಗ ಇದೇ, ಆದರೆ ಇದಕ್ಕೆ ಸಿಗುವುದು ಎಲ್ಲರಿಗೂ ಹಂಚಿ ಮಿಕ್ಕ ನಾಲ್ಕಡಿ. ಇದರ ಬಗ್ಗೆ ಹೇಳುವಾಗ ಇಂಜಿನಿಯರು ಒಂದು ಮಾತನ್ನು ಹೆಮ್ಮೆಯಿಂದ ಸೇರಿಸುತ್ತಾರೆ: "ಕೆಲಸದವಳು ಮನೆಯೊಳಗೆ ಬರಬೇಕಾಗಿಲ್ಲ ಮೇಡಂ, ಪಕ್ಕದ ಸಂದಿಯಿಂದಲೇ ಬಂದು ಹೋಗಬಹುದು." ನಾವು ತಲೆಯಾಡಿಸುತ್ತೇವೆ. ಮೂರಡಿಯ ಆ ಸಂದಿಯಲ್ಲಿ ನೀರಿನ ಪೈಪು, ಚೇಂಬರಿನ ಮುಚ್ಚಳ, ಪಾಚಿ. ಹಾಲಿನ ಮೂಲಕ ಹೋಗಲು ನಮಗೇ ಮುಜುಗರ ಎಂದು ಈಗಷ್ಟೇ ದೂರಿದ ನಾವು, ಇನ್ನೊಬ್ಬ ಹೆಂಗಸಿಗೆ ಹಾಲು ಪೂರ್ತಿ ಮುಚ್ಚಿದ ಮನೆಯನ್ನು ಅನುಕೂಲ ಎಂದು ಒಪ್ಪಿಕೊಳ್ಳುತ್ತೇವೆ. ಪ್ಲಾನು ಜಾತಿಯ ಹೆಸರು ಬರೆಯುವುದಿಲ್ಲ, ಬಾಗಿಲು ಮಾತ್ರ ಬರೆಯುತ್ತದೆ.

ವಯಸ್ಸಾದವರ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಟ್ಯಾಚ್ಡ್ ಬಾತ್‌ರೂಮು ಯಜಮಾನನ ಕೋಣೆಗೆ. ಮೊಣಕಾಲು ನೋವಿನ ಅತ್ತೆ ರಾತ್ರಿ ಎರಡು ಸಲ ಕತ್ತಲಲ್ಲಿ ಹಾಲು ದಾಟಬೇಕು. ಎರಡಡಿಯ ಬಾತ್‌ರೂಮಿನ ಬಾಗಿಲಲ್ಲಿ ವಾಕರ್ ತೂರುವುದಿಲ್ಲ. ಮುಂದೆ ಆ ವಾಕರ್ ಹಿಡಿಯುವವರು ನಾವೇ.

ನಮ್ಮ ಅಭಿಪ್ರಾಯ ಯಾರೂ ಕೇಳುವುದಿಲ್ಲ ಎಂದಲ್ಲ. ಕೇಳುತ್ತಾರೆ, ಟೈಲ್ಸಿನ ಬಣ್ಣ ಆರಿಸುವಾಗ. ಆ ಹೊತ್ತಿಗೆ ಗೋಡೆ ಎದ್ದು ತಾರಸಿ ಬಿದ್ದಿರುತ್ತದೆ. ಕೇಳಬೇಕಾದ ದಿನ ಬೇರೆ ಇದೆ: ಪಾಯ ತೋಡುವ ಮುಂಚೆ ಸೈಟಿನ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕುವ ದಿನ. ಅವತ್ತು ಗಂಡಸರು ಹೋಗಿ ತೆಂಗಿನಕಾಯಿ ಒಡೆದು ಬರುತ್ತಾರೆ. ನೀವೂ ಹೋಗಿ. ಅಡಿಗೆಮನೆಯ ಗೆರೆಯೊಳಗೆ ನಿಂತು ಫ್ರಿಜ್ಜಿನ ಬಾಗಿಲು ತೆರೆದಂತೆ ಕೈ ಚಾಚಿ, ಮಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಇಬ್ಬರೂ ಒಟ್ಟಿಗೆ ತಿರುಗಿ ನೋಡಿ. ಅಲ್ಲಿಂದ ಒಗೆಯುವ ಕಲ್ಲಿನವರೆಗೆ ನಡೆಯಿರಿ. ನಡುವೆ ಎಷ್ಟು ಕೋಣೆ ದಾಟಿದಿರಿ ಎಂದು ಮೇಸ್ತ್ರಿಗೆ ಕೇಳುವಂತೆ ಎಣಿಸಿ. ಅವನು ನಗಬಹುದು. ನಗಲಿ. ಸುಣ್ಣದ ಗೆರೆಯನ್ನು ಕಾಲಲ್ಲಿ ಅಳಿಸಿ ಎರಡಡಿ ಆಚೆ ಹಾಕಲು ಅವನಿಗೆ ಇನ್ನೊಂದು ಬೊಗಸೆ ಪುಡಿ ಸಾಕು, ಅದೂ ಅವತ್ತು ಒಂದೇ ದಿನ.