ಹೊಸ ಆವೃತ್ತಿಯಲ್ಲಿ ಅವ್ವನ ಹೆಸರು

ಪುಸ್ತಕವೊಂದರ ಎರಡನೆಯ ಆವೃತ್ತಿ ಬಂದರೆ ವಿಮರ್ಶಕರು ಏನು ನೋಡುತ್ತಾರೆ? ಮುಖಪುಟ ಬದಲಾಗಿದೆಯೇ, ಅಚ್ಚಿನ ತಪ್ಪು ತಿದ್ದಿದ್ದಾರೆಯೇ, ಲೇಖಕರು ಹೊಸದಾಗಿ ಏನಾದರೂ ಸೇರಿಸಿದ್ದಾರೆಯೇ. ಮೊದಲ ಆವೃತ್ತಿಯಲ್ಲಿದ್ದ ಪಾತ್ರಗಳ ಹೆಸರು ಎರಡನೆಯದರಲ್ಲಿ ಉಳಿದಿದೆಯೇ ಎಂದು ಯಾರೂ ನೋಡುವುದಿಲ್ಲ. ಪುಸ್ತಕಕ್ಕೆ ಆ ಗತಿ ಬರುವುದಿಲ್ಲವಲ್ಲ. ಫೋಟೋ ಜೋಡಿಸಿಡುವ ತಂತ್ರಾಂಶಗಳಿಗೆ ಬರುತ್ತದೆ. ಹಾಗಾಗಿ ಅವನ್ನೂ ಯಾರಾದರೂ ಕೂತು ವಿಮರ್ಶೆ ಮಾಡಬೇಕು, ಅದೂ ಹೆಂಗಸರೇ ಮಾಡಬೇಕು ಎಂಬುದು ನನ್ನ ವಾದ. ಯಾರ ಮದುವೆಯಲ್ಲಿ ಯಾರು ಯಾರ ಪಕ್ಕ ನಿಂತಿದ್ದರು, ಯಾವ ಕಾರಣಕ್ಕೆ ನಿಲ್ಲಲಿಲ್ಲ ಎಂಬ ಜ್ಞಾನವೆಲ್ಲ ಇರುವುದು ನಮ್ಮ ಹತ್ತಿರ ತಾನೆ?

ನನ್ನ ತವರು ಆಳಂದ ತಾಲ್ಲೂಕಿನ ಜಿಡಗಾ. ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕು, ಅದರ ತುಂಬ ಫೋಟೋ. 2011ರಲ್ಲಿ ಅಣ್ಣ ಅಷ್ಟನ್ನೂ ಶಹರಕ್ಕೆ ಒಯ್ದು ಸ್ಕ್ಯಾನ್ ಮಾಡಿಸಿದ. ಅದರ ಮೇಲೆ ಎಳ್ಳಮಾವಾಸ್ಯೆಯ ಚರಗ, ತೊಟ್ಟಿಲು, ಸೀಮಂತ, ಮಕ್ಕಳ ಮೊಬೈಲಿನ ಚಿತ್ರಗಳು ಬಂದು ಕೂಡಿ ಈಗ 31 ಸಾವಿರ ದಾಟಿವೆ. ಎರಡು ಚಳಿಗಾಲ ಅವ್ವ ಗಣಕಯಂತ್ರದ ಮುಂದೆ ಕೂತು ಒಂದೊಂದು ಮುಖಕ್ಕೂ ಹೆಸರು ಹೇಳಿದಳು. ಅವಳು ಹೇಳಿದ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗಿಲ್ಲ. ಅವರನ್ನು ಗುರುತಿಸಬಲ್ಲವರು ಅವಳೊಬ್ಬಳೇ.

ಆಗ ನಾವು ಬಳಸುತ್ತಿದ್ದದ್ದು ಪಿಕಾಸಾ. ಗೂಗಲ್ 2004ರಲ್ಲಿ ಅದನ್ನು ಕೊಂಡು ಪುಕ್ಕಟೆ ಹಂಚಿತು. ಅದರ ಬಗೆಗೆ ನನ್ನ ಅಭಿಪ್ರಾಯ ಇಂದಿಗೂ ಒಳ್ಳೆಯದೇ. ಫೋಟೋಗಳನ್ನು ಇಟ್ಟಲ್ಲಿಂದ ಕದಲಿಸುತ್ತಿರಲಿಲ್ಲ. ಮನೆಗೆ ಬಂದ ತಿಳಿವಳಿಕಸ್ತ ಬೀಗರ ಹಾಗೆ ಎಲ್ಲವನ್ನೂ ನೋಡುತ್ತಿತ್ತು, ಯಾವುದನ್ನೂ ಕೆದಕುತ್ತಿರಲಿಲ್ಲ. ಆದರೆ ಹೆಸರುಗಳನ್ನು ಬೇರೆಯಾಗಿ, ತನ್ನದೇ ಲೆಕ್ಕದ ಕಡತಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಚಿತ್ರದ ಒಳಗೇ ಬರೆದಿಡುವ ಸೌಕರ್ಯ ಕೊನೆಯ ಆವೃತ್ತಿಗಳಲ್ಲಿ ಇತ್ತು, ಎಲ್ಲೋ ಒಂದು ಮೂಲೆಯಲ್ಲಿ. ಅದನ್ನು ಹುಡುಕಿ ಒತ್ತಿದವರು ಪುಣ್ಯವಂತರು. 2016ರಲ್ಲಿ ಪಿಕಾಸಾ ನಿಂತಿತು. ಅದರ ಜಾಗಕ್ಕೆ ಗೂಗಲ್ ಫೋಟೋಸ್ 2015ರಲ್ಲೇ ಬಂದಿತ್ತು. ಜಾಗಕ್ಕೆ ಮಿತಿಯಿಲ್ಲ ಎಂದು ಕರೆದ ಅದು 2021ರ ಜೂನ್ 1ರಿಂದ ಮಿತಿ ಹಾಕಿತು. ಟಪಾಲು, ಫೋಟೋ ಎಲ್ಲ ಸೇರಿ 15 ಜಿಬಿ, ಆಮೇಲೆ ಬಾಡಿಗೆ. ಬಾಡಿಗೆ ಕೇಳಿದ್ದು ನನಗೆ ತಪ್ಪೆನಿಸುವುದಿಲ್ಲ. ಮನೆ ಬಿಡುವಾಗ ಸಾಮಾನು ಹೇಗೆ ಕೊಡುತ್ತಾರೆ ಎಂಬುದೇ ಪ್ರಶ್ನೆ. ಅಲ್ಲಿಂದ ಚಿತ್ರಗಳನ್ನೆಲ್ಲ ಇಳಿಸಿಕೊಂಡರೆ ಅಲ್ಲಿ ಬರೆದ ಅಡಿಬರಹ, ಹೆಸರುಗಳು ಚಿತ್ರದೊಳಗೆ ಬರುವುದಿಲ್ಲ, ಪಕ್ಕದಲ್ಲಿ ಬೇರೆ ಪುಟ್ಟ ಕಡತಗಳಾಗಿ ಬರುತ್ತವೆ. ನಮ್ಮ ಟ್ರಂಕಿನ ಫೋಟೋಗಳ ಬೆನ್ನಿಗೆ ಯಾರೋ ಪೆನ್ಸಿಲಿನಿಂದ ಹೆಸರು ಬರೆದಿದ್ದಾರೆ. ಟ್ರಂಕು ಹೋದರೂ ಫೋಟೋ ಉಳಿದರೆ ಹೆಸರು ಉಳಿಯುತ್ತದೆ. ಪೆನ್ಸಿಲಿಗಿದ್ದ ಬುದ್ಧಿ ಇಷ್ಟು ದೊಡ್ಡ ಕಂಪನಿಗಳಿಗೆ ಏಕೆ ಬರಲಿಲ್ಲವೋ.

ಆ್ಯಪಲ್‌ನವರದು ಇನ್ನೊಂದು ರೀತಿ. 2015ರಲ್ಲಿ ಅವರು ಐಫೋಟೋವನ್ನು ಬಿಟ್ಟು ಫೋಟೋಸ್ ತಂದಾಗ, ಜನ ಮೆಚ್ಚಿ ಕೊಟ್ಟಿದ್ದ ನಕ್ಷತ್ರಗಳನ್ನು ಕರಗಿಸಿ ಗುರುತು ಪದಗಳನ್ನಾಗಿ ಮಾಡಿದರು. ‘ಈವೆಂಟ್’ಗಳೆಂದು ಕಟ್ಟಿದ್ದ ಗಂಟುಗಳು ಆಲ್ಬಮ್‌ಗಳಾದವು. ಹಳೆಯ ಪಾತ್ರೆ ಕೊಟ್ಟರೆ ಹೊಸದು ಕೊಡುವ ವ್ಯಾಪಾರಿಯ ಹಾಗೆ: ತೂಕ ಸರಿ, ಆದರೆ ತಂಬಿಗೆಯ ಮೇಲೆ ಕೊರೆಸಿದ್ದ ಹೆಸರು ಎಲ್ಲಿ ಎಂದು ಹುಡುಕಬೇಕು.

ಈ ವರ್ಷ ನಮ್ಮ ಮನೆಯಲ್ಲಿ ನಡೆದದ್ದು ಬೇರೊಂದು ತಂತ್ರಾಂಶದ ವಿಷಯ. ಅದರ ಹೆಸರು ಬೇಡ. ಪಿಕಾಸಾದ ತರುವಾಯ ಅದರಲ್ಲೇ ಎಲ್ಲವನ್ನೂ ಇಟ್ಟಿದ್ದೆವು. ಹೊಸ ಆವೃತ್ತಿ ಬಂತು, ಹಳೆಯದು ಹೊಸ ಯಂತ್ರದಲ್ಲಿ ನಡೆಯುವುದಿಲ್ಲ ಎಂದಿತು. ಅಣ್ಣನ ಮಗ ರಾತ್ರಿ ಹಚ್ಚಿಟ್ಟು ಮಲಗಿದ. ಬೆಳಿಗ್ಗೆ ಎದ್ದು ನನಗೆ ಫೋನು: “ಅತ್ತೀ, ನಾಕೂ ಮಂದಿ ಶರಣಪ್ಪ ಒಬ್ಬವ ಆಗ್ಯಾರ ನೋಡ್ರಿ!”

ಕಲಬುರಗಿ ಸೀಮೆಯಲ್ಲಿ ಶರಣಪ್ಪ, ಶರಣಮ್ಮ ಇಲ್ಲದ ಮನೆ ಯಾವುದು? ಶರಣಬಸವೇಶ್ವರರ ಹೆಸರನ್ನು ಪ್ರತಿ ತಲೆಮಾರಿಗೂ ಇಡುತ್ತಾರೆ. ಹೊಸ ಆವೃತ್ತಿಗೆ ಹೆಸರು ಒಂದಾದರೆ ಮನುಷ್ಯನೂ ಒಬ್ಬನೇ. ಮುತ್ಯಾ, ಕಾಕಾ, ಸೋದರಮಾವ ಮತ್ತು ಮೂರನೆಯ ಇಯತ್ತೆಯ ಹುಡುಗ, ನಾಲ್ವರೂ ಸೇರಿ ಒಬ್ಬ ಶರಣಪ್ಪ. ಹಾಸ್ಯಕ್ಕೆ ಸರಿ. ಆದರೆ ಇದು ಬರೆದವರ ಲೋಕದೃಷ್ಟಿ. ಮನೆತನದ ಹೆಸರು ಬೇರೆ, ಸ್ವಂತ ಹೆಸರು ಬೇರೆ, ಅಜ್ಜನ ಹೆಸರು ಮೊಮ್ಮಗನಿಗೆ ಅಷ್ಟಾಗಿ ಬಾರದ ಲೋಕದಲ್ಲಿ ಕೂತು ಬರೆದ ಕೃತಿ ಅದು.

ನಿಜವಾದ ತಕರಾರು ಅವ್ವನದು. ನಮ್ಮ ಕಡೆ ಅನೇಕ ಮನೆಗಳಲ್ಲಿ ಮದುವೆಯ ಹೊತ್ತಿಗೆ ಹುಡುಗಿಯ ಹೆಸರನ್ನೇ ಬದಲಿಸುವ ರೂಢಿ ಇತ್ತು, ನಿಮ್ಮಲ್ಲಿ ಕೆಲವರಿಗಾದರೂ ಅದು ಗೊತ್ತಿರಬೇಕು. ಅವ್ವನದು ಅಫಜಲಪುರ ತಾಲ್ಲೂಕಿನ ತವರು. ಅಲ್ಲಿ ಒಂದು ಹೆಸರು, ಜಿಡಗಾಕ್ಕೆ ಬಂದ ಮೇಲೆ ಇನ್ನೊಂದು. (ಎರಡನ್ನೂ ಇಲ್ಲಿ ಬರೆಯುವುದು ಅವಳಿಗೆ ಇಷ್ಟವಿಲ್ಲ.) ಪರಕಾರ ತೊಟ್ಟು ಬಾವಿಕಟ್ಟೆಯ ಮೇಲೆ ಕೂತ ಹುಡುಗಿಗೆ ಹಳೆಯ ಹೆಸರು, ತಲೆಯ ಮೇಲೆ ಸೆರಗು ಹೊದ್ದು ಅಪ್ಪನ ಪಕ್ಕ ನಿಂತವಳಿಗೆ ಹೊಸ ಹೆಸರು ಎಂದು ಅವಳೇ ಹೇಳಿ ಬರೆಸಿದ್ದಳು. ಹೊಸ ಆವೃತ್ತಿ ಮುಖ ಹೋಲಿಸಿ, ಇವರಿಬ್ಬರೂ ಒಬ್ಬರೇ ತಾನೆ, ಯಾವ ಹೆಸರು ಉಳಿಸಲಿ ಎಂದು ಕೇಳಿತು. ಅದರ ಜಾಣತನಕ್ಕೆ ತಲೆದೂಗಬೇಕು. ಐವತ್ತು ವರ್ಷದ ಅಂತರದಲ್ಲಿ ಮುಖ ಗುರುತು ಹಿಡಿದಿತ್ತು. ಆದರೆ ಇಟ್ಟುಕೊಳ್ಳುವುದು ಒಂದೇ ಹೆಸರು. ಹುಡುಗ ಸಹಜವಾಗಿ ತನಗೆ ಗೊತ್ತಿದ್ದ ಹೆಸರನ್ನು ಒತ್ತಲು ಹೊರಟಿದ್ದ. ಅವ್ವ ತಡೆದಳು.

“ಆ ಹೆಸರಿಲೆ ನನ್ನ ಕರಿಯಾವ್ರು ಈಗ ಒಬ್ಬರೂ ಉಳಿದಿಲ್ಲಪ್ಪಾ. ಫೋಟೋದಾಗರ ಇರ್ಲಿ ಬಿಡು.”

ಅಂದು ಕೆಲಸ ಅಲ್ಲಿಗೇ ನಿಂತಿತು.

ತಾರೀಖಿನದು ಇನ್ನೊಂದು ಗೋಳು. ಸ್ಕ್ಯಾನ್ ಮಾಡಿದ ಚಿತ್ರಕ್ಕೆ ಸ್ಕ್ಯಾನ್ ಆದ ದಿನವೇ ಜನ್ಮದಿನ. ಮುತ್ಯಾನ ರುಮಾಲಿನ ಫೋಟೋ 2011ರ ಕೇಕಿನ ಪಕ್ಕ ಬಂದು ಕೂರುತ್ತದೆ. ತಿದ್ದಲು ಹೋದರೆ ದಿನ, ತಿಂಗಳು, ವರ್ಷ ಮೂರೂ ಬೇಕು. ಅವ್ವನ ಲೆಕ್ಕ ಹಾಗಲ್ಲ: “72ರ ಬರದಾಗ”, “ಭೂಕಂಪಕ್ಕಿಂತ ಮೊದಲ”. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿದ ರಾತ್ರಿ, ಕಿಲ್ಲಾರಿ ಉರುಳಿದಾಗ ನಮ್ಮ ಕಡೆಯೂ ನೆಲ ನಡುಗಿತ್ತು. ಆಳಂದ ಸೀಮೆಯ ಎಷ್ಟೋ ಮನೆಗಳ ಕಾಲಗಣನೆ ಅಲ್ಲಿಂದ ಎರಡಾಗುತ್ತದೆ. ಸುಮಾರು ಎನ್ನುವುದಕ್ಕೆ ತಂತ್ರಾಂಶದಲ್ಲಿ ಜಾಗವಿಲ್ಲ. ಹುಡುಗ ಎಲ್ಲಕ್ಕೂ ಜನವರಿ 1 ಹಾಕಿದ. ಶಾಲೆಯ ಮಾಸ್ತರರು ಊರಿನ ಮಕ್ಕಳಿಗೆಲ್ಲ ಜೂನ್ 1 ಎಂದು ಹುಟ್ಟಿದ ದಿನ ಬರೆದ ಹಾಗೆ.

ಹಾಗಾದರೆ ಯಾವುದು ಒಳ್ಳೆಯದು ಎಂದು ನೀವು ಕೇಳಬಹುದು. ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ಹೊಸ ಆವೃತ್ತಿಗೆ ಹೋಗುವಾಗ ಹಳೆಯ ಕ್ಯಾಟಲಾಗ್ ಮುಟ್ಟದೆ ಬೇರೆಯದನ್ನು ಮಾಡಿಕೊಳ್ಳುತ್ತದೆ. ಇದು ದೊಡ್ಡ ಸಭ್ಯತೆ, ಆದರೆ ಅದಕ್ಕೆ ತಿಂಗಳು ತಿಂಗಳು ಹಣ ಕಟ್ಟಬೇಕು. ಪುಕ್ಕಟೆಯಾಗಿ ಸಿಗುವ ಡಿಜಿಕ್ಯಾಮ್ ನೋಡಲು ಒರಟು, ಮೆನು ತೆರೆದರೆ ಕಿರಾಣಿ ಅಂಗಡಿ ಹೊಕ್ಕಂತೆ. 2020ರ ಏಳನೆಯ ಆವೃತ್ತಿಯಿಂದ ಮುಖ ಗುರುತಿಸುವುದು ಸುಧಾರಿಸಿದೆ. ಹೇಳಿಟ್ಟರೆ ಹೆಸರು, ಅಡಿಬರಹಗಳನ್ನು ಚಿತ್ರದ ಕಡತದೊಳಗೇ ಬರೆಯುತ್ತದೆ. ಇದೇ ಆ ಪೆನ್ಸಿಲು. ನನ್ನ ಮತ ಅದಕ್ಕೆ.

ಈಗ ಮತ್ತೆ ಹಳೆಯ ಯಂತ್ರಕ್ಕೆ ಹೋಗಿದ್ದೇವೆ. ಅಣ್ಣ ಅದನ್ನು ಮಾರಿರಲಿಲ್ಲ, ಬೇರೆ ಡಿಸ್ಕಿನಲ್ಲಿ ಪೂರ್ತಿ ನಕಲೂ ಇತ್ತು. ಈ ಸಲ 31 ಸಾವಿರಕ್ಕೆ ಕೈ ಹಾಕದೆ ಮೊದಲು 200 ಚಿತ್ರ ಆರಿಸಿದೆವು. ನಾಲ್ವರು ಶರಣಪ್ಪಂದಿರು, ಅವ್ವನ ಎರಡೂ ವಯಸ್ಸು, ಬರಗಾಲದ ಒಂದೆರಡು, ಎಲ್ಲವೂ ಅದರಲ್ಲಿ ಇರುವಂತೆ. ಹೆಸರಿನ ಮುಂದೆ ಊರು ಸೇರಿಸಿದರೆ ಶರಣಪ್ಪಂದಿರು ಬೇರೆಯಾದರು. ಅವ್ವನ ಎರಡೂ ಹೆಸರನ್ನು ಅಡಿಬರಹದಲ್ಲಿ, ಯೂನಿಕೋಡ್ ಕನ್ನಡದಲ್ಲಿ ಬರೆದೆವು. ಅಣ್ಣ ಹಿಂದೆ ಟೈಪ್ ಮಾಡಿಸಿದ್ದ ಯಾದಿ ಆ ಕಾಲದ ಫಾಂಟಿನದು, ತೆರೆದರೆ ಇಂಗ್ಲಿಷಿನ ಕಾಗೆಕಾಲು. ಅದನ್ನು ಬೇರೆ ಪರಿವರ್ತಿಸಬೇಕಾಯಿತು. ಇನ್ನೂರೂ ಹೊಸ ಕಡೆ ಸರಿಯಾಗಿ ತೆರೆದುಕೊಂಡವು.

ಉಳಿದವುಗಳಲ್ಲಿ ಹೆಸರಿಲ್ಲದ ಮುಖಗಳು ಇನ್ನೂ ನಾನೂರರ ಮೇಲಿವೆ. ಅವ್ವನಿಗೆ ಕಣ್ಣಿನ ಪೊರೆ ಬಂದಿದೆ. ದೀಪಾವಳಿಯ ನಂತರ ಆಪರೇಶನ್ ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೆ ಹುಡುಗ ಒಂದೊಂದು ಮುಖವನ್ನೂ ಪರದೆಯ ತುಂಬ ದೊಡ್ಡದು ಮಾಡಿ ತೋರಿಸುತ್ತಿದ್ದಾನೆ, ಅವಳು ಮೂಗು, ಕಿವಿಯ ಬುಗುಡಿ ನೋಡಿ ಹೇಳುತ್ತಿದ್ದಾಳೆ, ದಿನಕ್ಕೆ ಹತ್ತೋ ಹನ್ನೆರಡೋ.