ಶೈಲಿಯೆಂಬ ಉಪಭಾಷೆ: ಸ್ಲೀವ್ ಲೂಕ್ರಾ ಪಿಟೀಲು ಪರಂಪರೆಯನ್ನು ಕುರಿತು

ಐರಿಶ್ ಜನಪದ ಸಂಗೀತದ ವಿಮರ್ಶೆಯಲ್ಲಿ ಪ್ರಾದೇಶಿಕ ಶೈಲಿಯನ್ನು ‘ಉಪಭಾಷೆ’ ಎಂದು ಕರೆಯುವುದು ರೂಢಿಯಾಗಿದೆ. ಈ ರೂಪಕವು ನಮ್ಮ ಶಾಸ್ತ್ರದಿಂದ ಎರವಲು ಹೋದದ್ದು. ಆದ್ದರಿಂದ ಅದರ ಸಾಧುತ್ವವನ್ನು ಪರಿಶೀಲಿಸುವ ಹೊಣೆಯೂ ನಮ್ಮದೇ. ಕಾರ್ಕ್ ಮತ್ತು ಕೆರಿ ಕೌಂಟಿಗಳ ಗಡಿಯಲ್ಲಿರುವ ಸ್ಲೀವ್ ಲೂಕ್ರಾ ಸೀಮೆಯನ್ನು ಇದಕ್ಕೆ ನಿದರ್ಶನವಾಗಿ ಆಯ್ದುಕೊಂಡಿದ್ದೇವೆ.

ಈ ಸೀಮೆಯ ಗುರುತೆಂದು ಸಾಮಾನ್ಯವಾಗಿ ಹೆಸರಿಸುವುದು ಪೋಲ್ಕ ಮತ್ತು ಸ್ಲೈಡ್ ಎಂಬ ನೃತ್ಯಗತಿಗಳನ್ನು. ಆದರೆ ಇವು ಶೈಲಿಯ ಪದಕೋಶವೇ ಹೊರತು ಧ್ವನಿರಚನೆಯಲ್ಲ. ಇವೇ ಗತಿಗಳು ಮನ್‌ಸ್ಟರ್ ಪ್ರಾಂತದ ಇತರೆಡೆಯೂ ಬಳಕೆಯಲ್ಲಿವೆ. ಉಚ್ಚಾರಣೆಗೆ ಸಮನಾದುದನ್ನು ಕಮಾನಿನ ಒತ್ತಿನಲ್ಲಿ, ಜೋಡಿವಾದನದಲ್ಲಿ ಒಬ್ಬರು ಅದೇ ಧಾಟಿಯನ್ನು ಕೆಳ ಸ್ಥಾಯಿಯಲ್ಲಿ ನುಡಿಸುವ ಕ್ರಮದಲ್ಲಿ ಹುಡುಕಬೇಕು. ಪದಕೋಶದಿಂದಲೇ ಉಪಭಾಷೆಯ ಗಡಿ ಎಳೆದರೆ ಆಗುವ ಪ್ರಮಾದವೇ ಇಲ್ಲಿಯೂ ಆಗಿದೆ.

ಎರಡನೆಯ ತೊಡಕು ಪ್ರಸರಣಕ್ಕೆ ಸಂಬಂಧಿಸಿದ್ದು. ಶಾಲಾ ಉಪಾಧ್ಯಾಯ ವೃತ್ತಿಯನ್ನು ತೊರೆದು ಊರೂರು ಅಲೆದು ಪಾಠ ಹೇಳಿದ ಪಾದ್ರಿಗ್ ಓಕೀಫ್ (1887–1963) ತಮ್ಮದೇ ಲಿಪಿಯೊಂದನ್ನು ಬಳಸುತ್ತಿದ್ದರು. ಅದರಲ್ಲಿ ಗೆರೆಗಳ ನಡುವಿನ ನಾಲ್ಕು ಎಡೆಗಳು ನಾಲ್ಕು ತಂತಿಗಳನ್ನೂ ಅಂಕೆಗಳು ಬೆರಳುಗಳನ್ನೂ ಸೂಚಿಸುತ್ತವೆ. ಅದು ಕೇಳಿಬರುವ ಸ್ವರವನ್ನಲ್ಲ, ಸ್ವರವನ್ನು ಹೊಮ್ಮಿಸುವ ಕ್ರಿಯೆಯನ್ನು ಬರೆಯುತ್ತದೆ. ಅದನ್ನು ಔಚ್ಚಾರಣಿಕ ಲಿಪ್ಯಂಕನಕ್ಕೆ ಹೋಲಿಸಬಹುದು. ‘ಸೀಮೆಯ ಶೈಲಿ’ ಎಂದು ನಾವು ಕೇಳುತ್ತಿರುವುದರಲ್ಲಿ ಈ ಒಬ್ಬ ಗುರುವಿನ ವ್ಯಕ್ತಿಭಾಷೆಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ಉಪಭಾಷೆಯ ರೂಪಕವು ಮರೆಮಾಡುತ್ತದೆ. ನೃತ್ಯಗತಿಗೆ ಒಳಪಡದ ವಿಳಂಬ ಧಾಟಿಗಳಿಗೂ ಅವರು ಹೆಸರಾಗಿದ್ದರೆಂಬುದು ‘ಪೋಲ್ಕದ ಸೀಮೆ’ ಎಂಬ ಹಣೆಪಟ್ಟಿಯನ್ನು ಇನ್ನಷ್ಟು ಸಡಿಲಿಸುತ್ತದೆ.

1952ರಲ್ಲಿ ಶೇಮಸ್ ಎನಿಸ್ ಮಾಡಿದ, 1977ರಲ್ಲಿ ‘ಕೆರಿ ಫಿಡಲ್ಸ್’ ಎಂದು ಪ್ರಕಟವಾದ ಧ್ವನಿಮುದ್ರಣಗಳಲ್ಲಿ ಓಕೀಫ್ ಅವರೊಡನೆ ಅವರ ಶಿಷ್ಯರಾದ ಡೆನಿಸ್ ಮರ್ಫಿ ಮತ್ತು ಜೂಲಿಯಾ ಕ್ಲಿಫರ್ಡ್ ಎಂಬ ಅಣ್ಣತಂಗಿಯರೂ ನುಡಿಸಿದ್ದಾರೆ. ಮರ್ಫಿ ಕೆಲವು ವರ್ಷ ನ್ಯೂಯಾರ್ಕಿನಲ್ಲಿದ್ದರು. ಕ್ಲಿಫರ್ಡ್ ಬದುಕಿನ ಬಹುಭಾಗವನ್ನು ಇಂಗ್ಲೆಂಡಿನಲ್ಲಿ ಕಳೆದರು. ನೆಲವನ್ನೇ ಪ್ರಮಾಣವಾಗಿಸಿದರೆ ಈ ಪರಂಪರೆಯ ಪ್ರಮುಖ ವಾದಕಿಯೇ ಅದರ ಗಡಿಯಾಚೆ ಉಳಿಯುತ್ತಾರೆ.

ರೂಪಕವನ್ನು ಕೈಬಿಡಬೇಕೆಂಬುದು ನಮ್ಮ ವಾದವಲ್ಲ. ಅದನ್ನು ನಕ್ಷೆಯ ಮೇಲಿನ ಸಮಭಾಷಾರೇಖೆಯಿಂದ ಬಿಡಿಸಿ, ಗುರುಶಿಷ್ಯರ ಹಾಗೂ ಒಡನಾಡಿಗಳ ಸಂಪರ್ಕಜಾಲದ ಮೇಲೆ ನಿಲ್ಲಿಸಬೇಕು. ಹಾಗೆ ಮಾಡಿದಾಗ ಮಾತ್ರ ಊರು ಬಿಟ್ಟವರ ನುಡಿಸಾಣಿಕೆಯೂ ಪರಂಪರೆಯ ಸಾಕ್ಷ್ಯವಾಗಿ ದಾಖಲೆಯೊಳಗೆ ಸೇರುತ್ತದೆ.