ಬೀಗದ ಕೈ ಯಾರ ಸೊಂಟದಲ್ಲಿ?

1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಹೊಗಳುವವರು ಅಮೆರಿಕದ ಮಾತನ್ನು ಎತ್ತದೆ ಬಿಡುವುದಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು 1973ರಲ್ಲಿ ಗರ್ಭಪಾತದ ಹಕ್ಕನ್ನು ಎತ್ತಿಹಿಡಿದು ರೋ ಪ್ರಕರಣದ ತೀರ್ಪು ಕೊಡುವ ಹೊತ್ತಿಗೆ ನಮ್ಮ ಕಾಯ್ದೆ ಜಾರಿಗೆ ಬಂದು ಆಗಿತ್ತು. ಲೆಕ್ಕವೇನೋ ಸರಿಯೇ. ಆದರೆ ಕಾಯ್ದೆಯ ಮೂರನೆಯ ಕಲಮನ್ನು ನಿಧಾನವಾಗಿ ಓದಿದರೆ ಅಲ್ಲಿ ಮಾತಾಡಿಸುತ್ತಿರುವುದು ಹೆಂಗಸನ್ನಲ್ಲ, ವೈದ್ಯರನ್ನು ಎಂಬುದು ತಿಳಿಯುತ್ತದೆ. ಇಂತಿಂಥ ಸಂದರ್ಭದಲ್ಲಿ ಬಸಿರು ತೆಗೆದ ನೋಂದಾಯಿತ ವೈದ್ಯರು ಅಪರಾಧಿಯಾಗುವುದಿಲ್ಲ ಎಂಬುದೇ ಅದರ ಧಾಟಿ. ಹಳೆಯ ದಂಡಸಂಹಿತೆಯ 312ನೇ ಕಲಮು, ಈಗಿನ ನ್ಯಾಯ ಸಂಹಿತೆಯ 88ನೇ ಕಲಮು, ಗರ್ಭಪಾತವನ್ನು ಇಂದಿಗೂ ಅಪರಾಧವೆಂದೇ ಎಣಿಸುತ್ತದೆ. ತಾನೇ ಬಸಿರು ತೆಗೆದುಕೊಂಡವಳನ್ನೂ ಅದು ಬಿಟ್ಟಿಲ್ಲ. 1971ರ ಕಾಯ್ದೆ ಈ ಗೋಡೆಯನ್ನು ಕೆಡವಲಿಲ್ಲ. ಅದಕ್ಕೊಂದು ಬಾಗಿಲು ಇಟ್ಟು, ಬೀಗದ ಕೈಯನ್ನು ವೈದ್ಯರ ಸೊಂಟಕ್ಕೆ ಸಿಕ್ಕಿಸಿತು. ಕಾಯ್ದೆಯ ಗುಣವೂ ದೋಷವೂ ಇದರಲ್ಲೇ ಇವೆ ಎಂಬುದು ನನ್ನ ವಾದ.

ಗುಣವನ್ನು ಮೊದಲು ಒಪ್ಪಿಕೊಳ್ಳೋಣ. 1966ರಲ್ಲಿ ವರದಿ ಕೊಟ್ಟ ಶಾಂತಿಲಾಲ್ ಷಾ ಸಮಿತಿಯ ಮುಂದೆ ಇದ್ದದ್ದು ಕದ್ದುಮುಚ್ಚಿ ತೆಗೆಸಿಕೊಂಡು ಪ್ರಾಣ ಕಳೆದುಕೊಳ್ಳುತ್ತಿದ್ದ ಹೆಂಗಸರ ಪ್ರಶ್ನೆ. ಆ ಕಾಲಕ್ಕೆ ವೈದ್ಯರಿಗೆ ಧೈರ್ಯ ತುಂಬದೆ ಅವರನ್ನು ಉಳಿಸುವ ದಾರಿಯಿರಲಿಲ್ಲ. 2021ರ ತಿದ್ದುಪಡಿ ಬಾಗಿಲನ್ನು ಇನ್ನಷ್ಟು ಅಗಲ ಮಾಡಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಬಸುರಿಯಾಗಿದ್ದಾಗಲೇ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು ಮುಂತಾದ ಕೆಲವರಿಗೆ, ಇಬ್ಬರು ವೈದ್ಯರು ಒಪ್ಪಿದರೆ, 24 ವಾರದವರೆಗೆ ಅವಕಾಶವಿದೆ. ಗರ್ಭನಿರೋಧಕ ಕೈಕೊಟ್ಟು ನಿಂತ ಬಸಿರಿನ ವಿಷಯದಲ್ಲಿ 'ವಿವಾಹಿತೆ ಅಥವಾ ಆಕೆಯ ಗಂಡ' ಎಂದಿದ್ದದ್ದು 'ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಾಯಿತು. ಮಾರನೆಯ ವರ್ಷ, 2022ರ ಸೆಪ್ಟೆಂಬರ್ 29ರಂದು, ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಂದ್ರಚೂಡ್, ಬೋಪಣ್ಣ ಮತ್ತು ಪರ್ದೀವಾಲಾ ಅವರ ಪೀಠ ಮದುವೆಯಾಗದವರನ್ನೂ 24 ವಾರದ ಅವಕಾಶಕ್ಕೆ ಸೇರಿಸಿತು. ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಎಂದಿತು.

ಇಷ್ಟಾದರೂ ಹೆಂಗಸರು ನಡೆಯುತ್ತಿರುವ ದಾರಿ ಬೇರೆ. ಲಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ 2015ರಲ್ಲಿ ಭಾರತದಲ್ಲಿ ನಡೆದ ಗರ್ಭಪಾತಗಳು ಸುಮಾರು 1.56 ಕೋಟಿ. ಅವುಗಳಲ್ಲಿ ಶೇ. 73ರಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಈ ಅಂಕಿಯನ್ನು ಕಂಡು ಹೌಹಾರುವವರಿದ್ದಾರೆ. ಆದರೆ ಈ ಮಾತ್ರೆಗಳು, ಅಂದರೆ ಮೈಫೆಪ್ರಿಸ್ಟೋನ್ ಮತ್ತು ಮೈಸೊಪ್ರೊಸ್ಟಾಲ್, ಸರಿಯಾದ ಅಳತೆಯಲ್ಲಿ, ನಿಯಮ ಹೇಳುವ ಒಂಬತ್ತು ವಾರದೊಳಗೆ ತೆಗೆದುಕೊಂಡರೆ ಸುರಕ್ಷಿತವಾದ ಔಷಧಗಳೇ. ಅಪಾಯವಿರುವುದು, ದಿನಗಳ ಲೆಕ್ಕ ತಪ್ಪಿದಾಗ, ಬಸಿರು ಗರ್ಭಕೋಶ ಬಿಟ್ಟು ನಾಳದಲ್ಲಿ ಕಟ್ಟಿದ್ದು ತಿಳಿಯದೆ ಹೋದಾಗ, ರಕ್ತಸ್ರಾವ ನಿಲ್ಲದಿದ್ದರೂ 'ಏನಂದಾರೋ' ಎಂದು ಹಲ್ಲುಕಚ್ಚಿ ಮನೆಯಲ್ಲೇ ಉಳಿದಾಗ. ಅಂದರೆ ಮಾತ್ರೆಗಿಂತ ಅದರ ಸುತ್ತಲಿನ ಒಂಟಿತನವೇ ಹೆಚ್ಚು ಕೆಡುಕು ಮಾಡುತ್ತದೆ. ಕಾನೂನುಬದ್ಧ ಬಾಗಿಲೊಂದು ತೆರೆದಿರುವಾಗ ಇಷ್ಟೊಂದು ಜನ ಹಿತ್ತಿಲ ದಾರಿ ಹಿಡಿಯುವುದಕ್ಕೆ ಅವರ ಅಜ್ಞಾನವೊಂದನ್ನೇ ಕಾರಣ ಮಾಡುವುದು ಸುಲಭ. ಬಾಗಿಲಲ್ಲಿ ಏನೇನು ಕೇಳುತ್ತಾರೆ ಎಂಬುದನ್ನೂ ನೋಡಬೇಕಲ್ಲ.

ಬಾಗಿಲಲ್ಲಿ ಕೇಳುವುದನ್ನು ಕಡಿಮೆ ಮಾಡಿ ಎಂದರೆ, ಬೀಗದ ಕೈ ವೈದ್ಯರ ಬಳಿಯಿಂದ ಸಡಿಲಿದರೆ ಹೆಣ್ಣುಭ್ರೂಣಹತ್ಯೆ ಹೆಚ್ಚುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದು ಹಗುರವಾದದ್ದಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಹೊರಬಿದ್ದಾಗ ಇಡೀ ಕರ್ನಾಟಕ ಬೆಚ್ಚಿತ್ತು. ಆದರೆ ಅಲ್ಲಿ ಅಪರಾಧ ಶುರುವಾದದ್ದು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹಣ ಪಡೆದು ಹೇಳುವಲ್ಲಿ. ಅದನ್ನು ಹಿಡಿಯಲು 1994ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಸಾಮಾನ್ಯವಾಗಿ ಲಿಂಗ ಗೊತ್ತಾಗುವುದೇ ಮೂರು ತಿಂಗಳು ಕಳೆದ ಮೇಲೆ. ಏಳನೆಯ ವಾರದಲ್ಲಿ ಬಂದವಳನ್ನು ಅನುಮಾನದಿಂದ ನೋಡಿದರೆ ಯಾವ ಹೆಣ್ಣುಮಗುವೂ ಉಳಿಯುವುದಿಲ್ಲ, ಅವಳ ಬಸಿರಿಗೆ ಇನ್ನಷ್ಟು ವಾರಗಳು ಕೂಡುತ್ತವೆ, ಅಷ್ಟೆ. ಎರಡು ಕಾಯ್ದೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದರ ಫಲವಾಗಿ ಎಷ್ಟೋ ಔಷಧಿ ಅಂಗಡಿಯವರು ತಂಟೆಯೇ ಬೇಡವೆಂದು ಮಾತ್ರೆ ಇಡುವುದನ್ನೇ ಬಿಟ್ಟಿದ್ದಾರೆ.

ಇನ್ನೊಂದು ಮಾತು, ಇದು ವೈದ್ಯಕೀಯ ವಿಷಯ, ವೈದ್ಯರೇ ತೀರ್ಮಾನಿಸಲಿ ಎಂಬುದು. ಎಷ್ಟು ವಾರ, ರಕ್ತ ಎಷ್ಟಿದೆ, ಮಾತ್ರೆಯೋ ನಿರ್ವಾತ ವಿಧಾನವೋ ಎಂಬುದು ಖಂಡಿತ ಅವರ ತೀರ್ಮಾನ. (ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿರುವ, ಗರ್ಭಕೋಶವನ್ನು ಕೆರೆಯುವ 'ಡಿ ಅಂಡ್ ಸಿ' ಇನ್ನೂ ಬಳಕೆಯಲ್ಲಿರುವುದನ್ನು ನೋಡಿದರೆ ಅಲ್ಲಿಯೂ ಎರಡು ಪ್ರಶ್ನೆ ಕೇಳಬಹುದು.) ಬಸಿರು ಬೇಕೋ ಬೇಡವೋ ಎಂಬುದು ರೋಗನಿದಾನವಲ್ಲ. ಈ ಎರಡನ್ನು ಕಾಯ್ದೆ ಬೆರೆಸಿದ್ದರಿಂದಲೇ, ಬೇಡ ಎನ್ನುವವಳು ತನ್ನ ಮನಸ್ಸಿಗೆ ಗಂಭೀರ ಹಾನಿಯಾಗುತ್ತದೆ ಎಂದು ತೋರಿಸಿಕೊಳ್ಳಬೇಕಾಗಿದೆ.

ಹಾಗಿದ್ದರೂ ಇರುವ ಕಾಯ್ದೆಯೊಳಗೇ ನೆರವಿದೆ, ಅದನ್ನು ಹೇಳುವವರಿಲ್ಲ. ಸರ್ಕಾರಿ ಆಸ್ಪತ್ರೆಗೆ ಇದಕ್ಕಾಗಿ ಬೇರೆ ಪರವಾನಗಿ ಬೇಕಿಲ್ಲ. 104ಕ್ಕೆ ಕರೆ ಮಾಡಿ ಆರೋಗ್ಯ ಸಲಹೆ ಕೇಳಬಹುದು. ದೌರ್ಜನ್ಯದ ಹಿನ್ನೆಲೆಯಿದ್ದರೆ 181 ಸಹಾಯವಾಣಿ, ಸಖಿ ಕೇಂದ್ರಗಳಿವೆ. ಬಸಿರು ತೆಗೆಸಿಕೊಂಡವಳ ಹೆಸರು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. ಹದಿನೆಂಟು ತುಂಬದವಳಿಗೆ ಪೋಷಕರ ಒಪ್ಪಿಗೆ ಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವಾಗಲೂ, ಹುಡುಗಿಯೂ ಪೋಷಕರೂ ಕೋರಿದರೆ, ಆಕೆಯ ಗುರುತು ಹೇಳಬೇಕಿಲ್ಲ ಎಂದು 2022ರ ಅದೇ ತೀರ್ಪು ಹೇಳಿದೆ. ಪ್ರತಿ ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಮೇಲೂ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕ ಕಡ್ಡಾಯ. ಸುರಕ್ಷಿತ ಗರ್ಭಪಾತ ಇಲ್ಲಿ ಸಿಗುತ್ತದೆ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಲು ಯಾವ ಅಡ್ಡಿ? ಅದರ ಕೆಳಗೆ ಇನ್ನೊಂದು ಸಾಲೂ ಇರಲಿ: ಪ್ರಾಪ್ತ ವಯಸ್ಸಿನವಳಿಗೆ ಅವಳ ಒಪ್ಪಿಗೆಯೊಂದೇ ಸಾಕು. 'ಗಂಡನ ಸಹಿ ತಗೊಂಡು ಬಾಮ್ಮ' ಎಂದು ವಾಪಸು ಕಳಿಸುವ ಆಸ್ಪತ್ರೆಗಳು ಕೈಯಲ್ಲಿ ಹಿಡಿದಿರುವ, ಒಪ್ಪಿಗೆ ಪಡೆಯುವ 'ಸಿ' ನಮೂನೆಯಲ್ಲಿ ಗಂಡನ ಸಹಿಗೆಂದು ಜಾಗವೇ ಇಲ್ಲ.